ಥ್ರಾಟಲ್ ಬಾಡಿ ಕ್ಲೀನಿಂಗ್ ಇನ್ನು ಜನರಲ್ ಸರ್ವಿಸ್‌ನಲ್ಲಿ ಸೇರಿರುವುದಿಲ್ಲ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲು ಸಿಂಪಡಿಸುವ) ಬೈಕುಗಳ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ) ಕ್ಲೀನಿಂಗನ್ನು ಜನರಲ್ ಸರ್ವಿಸ್‌ನಿಂದ ಬೇರೆ ಮಾಡುತ್ತಿದ್ದೇವೆ. ಸರ್ವಿಸ್ ದರದಲ್ಲಿ 100 ರೂಪಾಯಿ ಇಳಿಯುತ್ತದೆ. ಥ್ರಾಟಲ್ ಬಾಡಿ ಬಿಚ್ಚಲೇಬೇಕೆಂದು ತಪಾಸಣೆಯಲ್ಲಿ ಕಂಡರೆ ಮಾತ್ರ ಬಿಚ್ಚುತ್ತೇವೆ. ಅದಕ್ಕೆ ಕೂಲಿ 450 ರೂಪಾಯಿ, ಸೀಲುಗಳ ಬೆಲೆ ಬೇರೆ. ಬಿಚ್ಚಿದ ಜಾಗದ ಓ-ರಿಂಗ್‌ಗಳನ್ನು (ಸೋರದಂತೆ ಹಿಡಿಯುವ ರಬ್ಬರ್ ಬಳೆಗಳನ್ನು) ಪ್ರತಿಸಲ ಹೊಸದಾಗಿಯೇ ಹಾಕುತ್ತೇವೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ 100 ಸಿಸಿ ಬೈಕುಗಳೂ ಎಫ್‌ಐ ಆದವು. ಆದರೆ ಏರ್ ಫಿಲ್ಟರ್ ಪೈಪ್ ಕಳಚಿ, ಒಳಗೆ ಕಾರ್ಬ್ ಕ್ಲೀನರ್ ಹೊಡೆದು ಒರೆಸುವ ಕಾರ್ಬ್ಯುರೇಟರ್ ಕಾಲದ ರೂಢಿ ಹಲವು ಕಡೆ ಹಾಗೇ ಉಳಿದಿದೆ. ಆ ದ್ರಾವಕ ತಗುಲಿದ ರಬ್ಬರ್ ಸೀಲು ಮೊದಲು ಉಬ್ಬುತ್ತದೆ, ಒಣಗಿದ ಮೇಲೆ ಗಡುಸಾಗಿ ಸೀಳುತ್ತದೆ. ಕರಗಿದ ಮಸಿ ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ಸಣ್ಣ ತೂತಿಗೆ ಹೋಗಿ ಕೂರುತ್ತದೆ.

ಸೀಲು ಸೋರಿದರೆ ಥ್ರಾಟಲ್ ಮುಚ್ಚಿದ್ದರೂ ಕಳ್ಳಗಾಳಿ ಒಳಗೆ ಬರುತ್ತದೆ. ವ್ಯಾಕ್ಯೂಮ್ ಕಡಿಮೆಯಾದದ್ದನ್ನು ಕಂಡ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೋಡ್ ಬಿದ್ದಿದೆ ಎಂದುಕೊಂಡು ಪೆಟ್ರೋಲು ಹೆಚ್ಚಿಸುತ್ತದೆ. 1,400 ಆರ್‌ಪಿಎಂನಲ್ಲಿ ನಿಲ್ಲಬೇಕಾದ ಐಡ್ಲಿಂಗ್ 2,000ದ ಆಚೀಚೆ ಏರುತ್ತ ಇಳಿಯುತ್ತ ಇರುತ್ತದೆ. ಇದನ್ನು ಇಂಜೆಕ್ಟರ್ ದೋಷವೆಂದು ತಿಳಿದು ದುಡ್ಡು ಸುರಿಯುವವರು ಬಹಳ. ನಾವು ಮೊದಲು ಸೋಪಿನ ನೀರನ್ನು ಇನ್‌ಟೇಕ್ ರಬ್ಬರ್ ಸುತ್ತ, ಸೆನ್ಸರ್ ಕೂರುವ ಕಡೆ ಸ್ವಲ್ಪ ಸ್ವಲ್ಪ ಚಿಮುಕಿಸಿ ನೋಡುತ್ತೇವೆ. ಸೋರುವ ಜಾಗಕ್ಕೆ ಬಿದ್ದ ಕೂಡಲೇ ಎಂಜಿನ್ ಸದ್ದು ಬದಲಾಗುತ್ತದೆ. ಮನೆಯಲ್ಲಿ ಇದಕ್ಕೆ ಪೆಟ್ರೋಲು ಬಳಸಬೇಡಿ, ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಇರುತ್ತದೆ.

ಬಿಚ್ಚುವ ಮುಂಚೆ ಫ್ಯೂಯಲ್ ಪಂಪಿನ ಕಪ್ಲರ್ (ವೈರ್ ಸೇರಿಸುವ ಪ್ಲಗ್) ಕಳಚಿ ಎಂಜಿನ್ ತಾನಾಗಿ ಆಫ್ ಆಗುವವರೆಗೂ ಓಡಿಸುತ್ತೇವೆ. ಎಷ್ಟೋ ಬೈಕುಗಳ ಲೈನಿನಲ್ಲಿ ಸುಮಾರು 3 ಬಾರ್ ಒತ್ತಡವಿರುತ್ತದೆ, ಅದು ಇಳಿಯಬೇಕು. ಸೆನ್ಸರ್ ಕಪ್ಲರ್ ತೆಗೆಯುವುದು ಕೀ ಆಫ್ ಮಾಡಿದ ಮೇಲೆಯೇ, ಇಲ್ಲದಿದ್ದರೆ ಸುಮ್ಮನೆ ಫಾಲ್ಟ್ ಕೋಡ್ ಕೂರುತ್ತದೆ. ಹಳೇ ಓ-ರಿಂಗನ್ನು ಬೆರಳಲ್ಲಿ ಹೊರಳಿಸಿದರೆ ಒಂದು ಬದಿ ಚಪ್ಪಟೆಯಾಗಿರುವುದು ಗೊತ್ತಾಗುತ್ತದೆ. ಅದನ್ನೇ ಮತ್ತೆ ಕೂರಿಸಿದರೆ ಹಿಡಿಯುವುದಿಲ್ಲ. ಅಳತೆ ಹೊಂದಿತೆಂದು ಹಾರ್ಡ್‌ವೇರ್ ಅಂಗಡಿಯ ಕಪ್ಪು ರಿಂಗನ್ನು ಇಂಜೆಕ್ಟರಿಗೆ ಹಾಕುವುದು ಬೇಡ. ಎಥನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ ಎಂಬ ವಿಶೇಷ ರಬ್ಬರಿನ ರಿಂಗ್ ತಾಳುತ್ತದೆ, ಬೆಲೆ ಹೆಚ್ಚಾಗುವುದೂ ಅದಕ್ಕೇ. ಕೂರಿಸುವಾಗ ಒಂದು ಹನಿ ಎಂಜಿನ್ ಆಯಿಲ್ ಸಾಕು, ಗ್ರೀಸ್ ಬೇಡ. ಸಿಲಿಕೋನ್ ಪೇಸ್ಟಂತೂ ಮುಟ್ಟುವುದಿಲ್ಲ, ಅದರ ಆವಿ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ.

ಕಂಪನಿಯಲ್ಲೇ ಸೆಟ್ ಮಾಡಿದ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಸೆನ್ಸರ್) ಸ್ಕ್ರೂ ಸಡಿಲಿಸುವುದಿಲ್ಲ. ಮೀಟರ್ ಹಿಡಿದು ನೋಡುತ್ತೇವೆ: ಥ್ರಾಟಲ್ ಮುಚ್ಚಿದಾಗ ಸಾಮಾನ್ಯವಾಗಿ ಅರ್ಧ ವೋಲ್ಟ್ ಆಸುಪಾಸು, ತಿರುಗಿಸಿದಂತೆ ನಡುವೆ ಎಲ್ಲೂ ಜಿಗಿಯದೆ 4 ದಾಟಬೇಕು. ಜಿಗಿದರೆ ಸೆನ್ಸರ್ ಸವೆದಿದೆ, ಎಷ್ಟು ಒರೆಸಿದರೂ ಸರಿಹೋಗದು. ಆಗ ಫೋನ್ ಮಾಡಿ ನಿಮ್ಮನ್ನು ಕೇಳಿಯೇ ಮುಂದಿನ ಕೆಲಸ.

ಈ ಕೆಲಸಕ್ಕೆ ಗಾಡಿಯನ್ನು ಬೆಳಿಗ್ಗೆ ತಂದು ಬಿಟ್ಟು ಹೋಗಿ, ಎಂಜಿನ್ ತಣ್ಣಗಾದ ಮೇಲೇ ಕೈ ಹಾಕಬೇಕು. ಮಧ್ಯಾಹ್ನ ಮೂರಕ್ಕೆ ಸಿಗುತ್ತದೆ. ವಾಟರ್ ವಾಶ್‌ನಲ್ಲಿ ಪ್ರೆಷರ್ ಗನ್ ಟ್ಯಾಂಕ್ ಕೆಳಗಿನ ಕಪ್ಲರ್‌ಗಳ ಕಡೆ ತಿರುಗದಂತೆ ಹೇಳಿ. ತೆಗೆದ ಹಳೇ ರಿಂಗುಗಳನ್ನು ಬಿಲ್ಲಿನ ಜೊತೆ ಕವರಿನಲ್ಲಿ ಹಾಕಿ ಕೊಡುತ್ತೇವೆ.

ಇಂತಿ,
ಗ್ಯಾರೇಜಿನ ಬಳಗ