ವಿಷಯ: ಒತ್ತಕ್ಷರ ಒಡೆದು ಬರುವ ಫಾರಂ, ವಾಪಸ್ ಬರದ ಚಂದಾ ಹಣ

ಗೆ,
ಕುಂದುಕೊರತೆ ಅಧಿಕಾರಿಯವರು

ಮಾನ್ಯರೇ,

ನಾನು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುತ್ತೇನೆ. ಜೀವನಾಂಶದ ಕೇಸಿಗೆ ಬರುವವರು ಏನೇನು ಕಾಗದ ತರಬೇಕು ಎಂಬ ಚೆಕ್‌ಲಿಸ್ಟ್ ಫಾರಂ ಮಾಡಿಕೊಳ್ಳಲು ನಿಮ್ಮ ಆನ್‌ಲೈನ್ ಸೇವೆಗೆ ಒಂದು ವರ್ಷದ ಹಣ ಕಟ್ಟಿದೆ. 'ಕನ್ನಡದಲ್ಲೂ ಲಭ್ಯ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಿರಿ, ಅದನ್ನು ನಂಬಿ.

ನಿಮ್ಮ 'ಭಾರತದ ಕೌಟುಂಬಿಕ ಕಾನೂನು' ನಮೂನೆಯಲ್ಲಿ ಜೀವನಾಂಶಕ್ಕೆ ಇನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಂ. ತಿದ್ದಿಕೊಂಡೆ, ಬಿಡಿ. ಅಮೆರಿಕದವರ ಜಿಲ್ಲೆಯಾದ 'ಕೌಂಟಿ' ತುಂಬದೆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಮಾಗಡಿಯವರು ಯಾವ ಕೌಂಟಿ ಬರೆಯಬೇಕೋ ನೀವೇ ಹೇಳಿ.

ಆದರೆ ಪಿಡಿಎಫ್ ಸಹಿಸಲು ಆಗಲಿಲ್ಲ. ಪರದೆ ಮೇಲೆ ಸರಿಯಾಗಿದ್ದ 'ಪತ್ನಿ' ಪಿಡಿಎಫ್‌ನಲ್ಲಿ 'ಪತ್‌ನಿ', 'ಮಕ್ಕಳು' 'ಮಕ್‌ಕಳು'. ಗಂಡ ಹೆಂಡತಿ ಬೇರೆಯಾಗುವುದು ನಮ್ಮ ಕೋರ್ಟಿನಲ್ಲಿ, ಅಕ್ಷರಗಳಿಗೆ ನೀವೇ ವಿಚ್ಛೇದನ ಕೊಡುತ್ತಿದ್ದೀರಿ. ಸುಪ್ರೀಂ ಕೋರ್ಟಿನ 2020ರ ರಜನೇಶ್-ನೇಹಾ ತೀರ್ಪಿನ ಮೇಲೆ ಜೀವನಾಂಶದ ಕೇಸಿನಲ್ಲಿ ಎರಡೂ ಕಡೆಯವರು ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ (ಅಫಿಡವಿಟ್) ಕೊಡಲೇಬೇಕು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಶಾಲೆ ಫೀಸಿನ ರಸೀದಿ. ಪಟ್ಟಿ ಓದಲಾಗದೆ ಒಂದು ಕಾಗದ ಬಿಟ್ಟುಬಂದರೂ ಇನ್ನೊಂದು ಡೇಟು.

ಇಮೇಲ್‌ಗೆ ಉತ್ತರವಿಲ್ಲ. ನಿಮ್ಮ ಗ್ರಾಹಕ ಸೇವೆಯವರಿಗೆ ಫೋನ್ ಮಾಡಿದೆ. ಎದುರಿಗೆ ಕಕ್ಷಿದಾರೆ ಕೂತಿದ್ದರು, ಫೋನ್ ಸ್ಪೀಕರ್‌ನಲ್ಲಿತ್ತು.

"ಮೇಡಂ, ಬ್ರೌಸರ್ ಬದಲಾಯಿಸಿ ನೋಡಿ."

ನೋಡಿದ್ದೇನೆ ಎಂದೆ.

"ಪ್ರಿಂಟರ್‌ದು ಸಮಸ್ಯೆ ಇರುತ್ತೆ."

ಪ್ರಿಂಟರ್‌ಗೆ ಕೊಡುವ ಮೊದಲೇ, ಪಿಡಿಎಫ್‌ನಲ್ಲೇ ಹೀಗಿದೆ ಎಂದೆ. ಸ್ವಲ್ಪ ಹೊತ್ತು ಸಂಗೀತ ಕೇಳಿಸಿದರು.

"ಮೇಡಂ, ಇಂಗ್ಲಿಷಲ್ಲಿ ಮಾಡ್ಕೊಳ್ಳಿ. ನೀವೇ ಓದಿ ಹೇಳಿದ್ರೆ ಆಯ್ತಲ್ವಾ?"

ಆಗಲ್ಲ, ಫಾರಂ ಅವರ ಮನೆಗೆ ಹೋಗುತ್ತೆ, ನಾನು ಹೋಗುವುದಿಲ್ಲ ಎಂದೆ.

"ಸರಿ, ಮನೇಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ದಾರಾ? ಯಜಮಾನ್ರಿಗೆ ಫೋನ್ ಕೊಡಿ, ಅವರಿಗೆ ಹೇಳ್ತೀನಿ."

ಗಂಡನಿಂದ ಬಿಡುಗಡೆ ಬೇಕು ಎಂದು ಬಂದಿದ್ದ ಹೆಣ್ಣುಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಹಣ ವಾಪಸ್ ಕೇಳಿದೆ. "ಪಾಲಿಸಿಯಲ್ಲಿ ಇಲ್ಲ" ಎಂದು ಫೋನ್ ಇಟ್ಟರು. ಆಮೇಲೆ 'ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ' ಎಂದು ಮೆಸೇಜು. ಆಹಾ!

2020ರ ಇ-ಕಾಮರ್ಸ್ ನಿಯಮ ನಿಮಗೆ ಗೊತ್ತೇ ಇರುತ್ತೆ, ಅದಕ್ಕೇ ತಾನೇ ನಿಮ್ಮನ್ನು ನೇಮಿಸಿರುವುದು? 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ನನ್ನ ಮೊದಲ ಇಮೇಲ್‌ಗೆ ಈ ಎರಡೂ ಗಡುವು ಮುಗಿದಿವೆ. ಪೂರ್ತಿ ಹಣ ವಾಪಸ್ ಮಾಡಿ, 'ಕನ್ನಡದಲ್ಲೂ ಲಭ್ಯ' ಎಂಬುದನ್ನು ಅಳಿಸಿ.

ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನಾನಿರುವ ಊರಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ, ನನಗೆ ವಕೀಲರ ಫೀಸಿನ ಖರ್ಚೂ ಇಲ್ಲ. ಮೊದಲ ದಾಖಲೆಯಾಗಿ ನಿಮ್ಮ ಪಿಡಿಎಫ್ ಹಾಜರುಪಡಿಸಿ, ಅದನ್ನು ಆಯೋಗದ ಮುಂದೆ ಗಟ್ಟಿಯಾಗಿ ಓದಲು ನಿಮ್ಮ ಆ ಪ್ರತಿನಿಧಿಯನ್ನೇ ಕರೆಸಿ ಎಂದು ಅರ್ಜಿ ಹಾಕುತ್ತೇನೆ.

ಇತಿ,
ವಕೀಲೆ, ಬೆಂಗಳೂರು