ನನ್ನ ಎಡಗಿವಿಯಾದವರಿಗೆ

ಕಳೆದ ಶನಿವಾರ ಏಳು ತಿಂಗಳ ಮೇಲೆ ಒಂದು ಇಡೀ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ, ಐದು ಜನ ಸೇರಿ ಕೇಳಿಸಿದರು. ಹೆಸರು ಹಾಕಕೂಡದೆಂದು ಐವರೂ ತಾಕೀತು ಮಾಡಿದ್ದಾರೆ. ಆಗಲಿ, ಹೆಸರಿಲ್ಲದೆಯೇ ಹೇಳುತ್ತೇನೆ.

ಜೂನ್ ತಿಂಗಳ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗಿವಿ ಮುಚ್ಚಿಕೊಂಡಂತಾಯಿತು. ಒಳಗೆ ದೂರದ ಮನೆಯ ಕುಕ್ಕರ್ ಕೂಗುವಂಥ ಒಂದು ಸದ್ದು. ಶೀತವಿರಬೇಕು, ಗುಗ್ಗೆ ಕಟ್ಟಿರಬೇಕು ಎಂದುಕೊಂಡು ಒಂಬತ್ತು ದಿನ ಕಳೆದೆ. ಹತ್ತನೆಯ ದಿನ ಡಾಕ್ಟರು ಗದರಿದರು. ಹೀಗೆ ಏಕಾಏಕಿ ಕಿವಿ ಕೇಳದಾದರೆ ಅದೇ ದಿನ ಬರಬೇಕಂತೆ. ಸ್ಟೀರಾಯ್ಡ್ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದಂತೆ. ಮಾತ್ರೆ ನುಂಗಿದೆ, ಕಿವಿಯ ತಮಟೆಯ ಮೂಲಕ ಚುಚ್ಚಿಸಿಕೊಂಡೆ. ಕುಕ್ಕರ್ ಉಳಿಯಿತು, ಕಿವಿ ಉಳಿಯಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗಾದರೆ ದಯವಿಟ್ಟು ಎಣ್ಣೆ ಬಿಟ್ಟುಕೊಂಡು ಕೂರಬೇಡಿ.

ಒಂದು ಕಿವಿ ಇದೆಯಲ್ಲ, ಸಾಲದೇ ಎಂದು ಕೇಳಿದವರಿದ್ದಾರೆ. ಸಂಸಾರಕ್ಕೆ ಸಾಲುತ್ತದೆ. ಆದರೆ ನಾನು ಮೂವತ್ತು ವರ್ಷಗಳಿಂದ ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದುದ್ದ ಹಾಡುಗಳ, ತೊಡಕು ತಾಳಗಳ ರಾಕ್ ಸಂಗೀತದ ಹುಚ್ಚು ಹಿಡಿಸಿಕೊಂಡವನು. ಆ ಸಂಗೀತ ಎರಡು ಕಿವಿಗಳ ನಡುವಿನ ಜಾಗದಲ್ಲಿ ಕಟ್ಟಿದ ಮನೆ. ಪಿಂಕ್ ಫ್ಲಾಯ್ಡ್‌ನ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್'ನಲ್ಲಿ ಒಬ್ಬ ಓಡುವ ಹೆಜ್ಜೆಯ ಸಪ್ಪಳ ತಲೆಯ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ಆಸ್ಪತ್ರೆಯಿಂದ ಬಂದ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಓಡುತ್ತಿದ್ದವನು ಅರ್ಧ ದಾರಿಯಲ್ಲಿ ಇಲ್ಲವಾದ. ಹೆಡ್‌ಫೋನನ್ನು ಅಟ್ಟದ ಮೇಲಿಟ್ಟೆ.

ಒಟ್ಟಿಗೆ ಕೂತು ಆಲ್ಬಮ್ ಕೇಳುವ ನಮ್ಮ ಶನಿವಾರದ ಕೂಟ ಹಳೆಯದು. 2002ರಲ್ಲಿ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸಾಲಿನಲ್ಲಿ ನನ್ನ ಹಿಂದೆ ಮುಂದೆ ನಿಂತಿದ್ದ ಇಬ್ಬರಿಂದ ಶುರುವಾದದ್ದು. ಅವರೇ ಜುಲೈನಲ್ಲಿ ಮನೆಗೆ ಬಂದರು. ನಾನು ಬಾಗಿಲು ತೆಗೆದು, ಇನ್ನು ಬರುವುದಿಲ್ಲ, ರೆಕಾರ್ಡುಗಳನ್ನೆಲ್ಲ ಹಂಚಿಕೊಳ್ಳಿ ಎಂದುಬಿಟ್ಟೆ. ಒಬ್ಬ ಒಳಗೆ ಬಂದು ಕೂತು, ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ನರಿಗೆ ಬಲಗಿವಿ ಹೆಚ್ಚುಕಡಿಮೆ ಕೇಳುತ್ತಲೇ ಇರಲಿಲ್ಲ, ಅವರು 1966ರ 'ಪೆಟ್ ಸೌಂಡ್ಸ್' ಅನ್ನು ಮೊನೊದಲ್ಲೇ, ಅಂದರೆ ಎಡ ಬಲ ಬೇರೆ ಮಾಡದೆ ಒಂದೇ ಧಾರೆಯಲ್ಲಿ, ಮಾಡಿದರು ಎಂದ. ಇನ್ನೊಬ್ಬ ಮಾತಾಡದೆ ನನ್ನ ಚಿಕಿತ್ಸೆಯ ಬಿಲ್ಲುಗಳನ್ನು ಜೇಬಿಗಿಳಿಸಿದ. ಮೂರು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಕೂಡಿತು. ನಾನು ರೇಗಿದೆ. ಅವನು ಇತಿಹಾಸ ತೆಗೆದ: ಸಾಫ್ಟ್ ಮಶೀನ್ ತಂಡದ ಹಳೆಯ ಡ್ರಮ್ಮರ್ ರಾಬರ್ಟ್ ವಯಟ್ 1973ರಲ್ಲಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಾಗ ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮಶೀನ್ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅವರಿಗಾಗಿ ನುಡಿಸಲಿಲ್ಲವೇ? 1997ರಲ್ಲಿ ಮರಿಲಿಯನ್ ತಂಡಕ್ಕೆ ಅಮೆರಿಕ ಪ್ರವಾಸಕ್ಕೆ ದುಡ್ಡಿಲ್ಲದಾಗ ಅಭಿಮಾನಿಗಳೇ ಸುಮಾರು 60,000 ಡಾಲರ್ ಕೂಡಿಸಲಿಲ್ಲವೇ? ನೀನು ಅವರಿಗಿಂತ ದೊಡ್ಡವನೋ, ಎಂದ. ಉತ್ತರ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ.

ಕೂಟದ ಕಿರಿಯಳು ಧ್ವನಿಮುದ್ರಣದ ಕೆಲಸದವಳು. ಹಳಬರಾದ ನಾವು 1969ರ ಕಿಂಗ್ ಕ್ರಿಮ್ಸನ್, 1972ರ ಯೆಸ್ ಮತ್ತು ಜೆನೆಸಿಸ್ ಎಂದು ಜಪ ಮಾಡುತ್ತಿದ್ದರೆ ಈಚಿನವರಾದ ಸ್ಟೀವನ್ ವಿಲ್ಸನ್, ಹೇಕನ್ ತಂಡ ಎಂದು ನಮ್ಮ ಕಿವಿ ತೆರೆಸಿದವಳು ಅವಳೇ. ಕರ್ನಾಟಕ ಸಂಗೀತವನ್ನು ರಾಕ್‌ಗೆ ಬೆಸೆಯುವ ನಮ್ಮೂರಿನ ಅಗಮ್ ತಂಡವನ್ನು ನಾನು ತಾತ್ಸಾರ ಮಾಡಿದ್ದಕ್ಕೆ ಎರಡು ವಾರ ಮಾತು ಬಿಟ್ಟಿದ್ದಳು. ನ್ಯಾಯ ಅವಳ ಕಡೆಗಿತ್ತು. ಫೋನಿನಲ್ಲಿ ಮೊನೊ ಒತ್ತಿಕೊಂಡರೆ ಆಯಿತಲ್ಲ ಎಂದು ನಾನು ಹೇಳಿದಾಗ, ಅಂಕಲ್, ಎಡ ಬಲ ಸುಮ್ಮನೆ ಕೂಡಿಸಿದರೆ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ ಎಂದಳು. ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು ಕೂತು, ನನ್ನದೇ ಡಿಸ್ಕುಗಳಿಂದ ಹದಿನಾಲ್ಕು ಆಲ್ಬಮ್‌ಗಳನ್ನು ಒಂಟಿಗಿವಿಗೆ ಹೊಂದಿಸಿ ಕೊಟ್ಟಳು. ಅದರಲ್ಲಿ ಯೆಸ್‌ನ 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್' ಕೂಡ ಇದೆ. ಎರಡು ರೆಕಾರ್ಡಿನ ನಾಲ್ಕು ಮಗ್ಗುಲಿಗೆ ನಾಲ್ಕೇ ಹಾಡು. ಕೀಬೋರ್ಡ್ ನುಡಿಸುವ ರಿಕ್ ವೇಕ್‌ಮನ್ನರೇ ಬೇಸತ್ತು ಮ್ಯಾಂಚೆಸ್ಟರಿನ ವೇದಿಕೆಯ ಮೇಲೆ ಊಟ ತರಿಸಿಕೊಂಡು ತಿಂದ ಕೃತಿ ಅದು. ಎರಡು ಕಿವಿ ಇದ್ದಾಗಲೇ ನಾನದನ್ನು ಮುಗಿಸಿರಲಿಲ್ಲ ಮಗಳೇ, ಆದರೂ ನಿನ್ನ ಶ್ರಮಕ್ಕಾಗಿ ಕೇಳುತ್ತೇನೆ.

ಇನ್ನು ಮೃದಂಗದ ಮೇಷ್ಟ್ರು. ಐದು ವರ್ಷದ ಕೆಳಗೆ ಕೂಟಕ್ಕೆ ಮೊದಲ ಸಲ ಬಂದಾಗ ಮುಖ ಸಿಂಡರಿಸಿಕೊಂಡೇ ಕೂತಿದ್ದರು. ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಡಿನಲ್ಲಿ ಚಿಲ್ಲರೆ ಕಾಸಿನ ಸದ್ದಿನ ಬೆನ್ನಿಗೆ ಬೇಸ್ ಗಿಟಾರ್ ಶುರುವಾದಾಗ ಅವರ ಬೆರಳು ತೊಡೆಯ ಮೇಲೆ ತಕಿಟ ತಕಧಿಮಿ ಎಂದು ಆಡಿತು. "ಇದು ಏಳು ಅಲ್ಲವೇನ್ರೀ! ಮಿಶ್ರಛಾಪು!" ಎಂದರು. ಗಿಟಾರ್ ಸೋಲೋ ಬಂದಾಗ ಲೆಕ್ಕ ನಾಲ್ಕಕ್ಕೆ ಇಳಿದದ್ದು ಅವರಿಗೆ ಇಂದಿಗೂ ಸಮಾಧಾನವಿಲ್ಲ.

ಶನಿವಾರ ಹಾಕಿದ್ದು ಕಿಂಗ್ ಕ್ರಿಮ್ಸನ್‌ನ 1981ರ 'ಡಿಸಿಪ್ಲಿನ್'. ಎರಡನೆಯ ಹಾಡು 'ಫ್ರೇಮ್ ಬೈ ಫ್ರೇಮ್'. ಅದರಲ್ಲಿ ರಾಬರ್ಟ್ ಫ್ರಿಪ್, ಏಡ್ರಿಯನ್ ಬೆಲ್ಯೂ ಇಬ್ಬರ ಗಿಟಾರುಗಳು ಒಂದೇ ವರಸೆಯನ್ನು ಒಟ್ಟಿಗೆ ಹಿಡಿಯುತ್ತವೆ. ಆಮೇಲೆ ಒಂದು ಹದಿನಾಲ್ಕು ಸ್ವರಕ್ಕೆ ಸುತ್ತು ಮುಗಿಸಿದರೆ ಇನ್ನೊಂದು ಹದಿಮೂರಕ್ಕೇ ಮುಗಿಸುತ್ತದೆ. ಸುತ್ತಿಗೊಂದು ಸ್ವರದಂತೆ ಜಾರುತ್ತಾ ದೂರವಾಗಿ, ಮತ್ತೆ ಬಂದು ಕೂಡುತ್ತವೆ. ಎಷ್ಟು ಹೊಂದಿಸಿದರೂ ಒಂದೇ ಕಿವಿಗೆ ಎರಡೂ ಕಲಸಿಹೋದವು. ನಾನು ತಲೆಯಾಡಿಸಿ ಸಾಕು ಎಂದೆ. ಮೇಷ್ಟ್ರು ಕುರ್ಚಿ ಎಳೆದುಕೊಂಡು ನನ್ನ ಎಡಕ್ಕೆ ಬಂದು ಕೂತು, ಮತ್ತೆ ಹಾಕಿ ಎಂದರು. ಹದಿಮೂರರ ಗಿಟಾರನ್ನು ಎರಡು ಬೆರಳಿನಲ್ಲಿ ನನ್ನ ಎಡಭುಜದ ಮೇಲೆ ತಟ್ಟತೊಡಗಿದರು. ಬಲಗಿವಿಯಲ್ಲಿ ಹದಿನಾಲ್ಕು, ಎಡಭುಜದಲ್ಲಿ ಹದಿಮೂರು. ಒಂದೆರಡು ಸುತ್ತು ಏನೂ ತಿಳಿಯಲಿಲ್ಲ. ಆಮೇಲೆ ಥಟ್ಟನೆ ಬಿಡಿಸಿಕೊಂಡಿತು. ಎರಡೂ ಬೇರೆಬೇರೆ ದಾರಿ ಹಿಡಿದು ನಡೆದು, ಬಂದು ಕೂಡಿದ ಕ್ಷಣಕ್ಕೆ ಸರಿಯಾಗಿ ಮೇಷ್ಟ್ರ ಅಂಗೈ ಭುಜದ ಮೇಲೆ ಬಿತ್ತು. ಎದುರಿಗೆ ಕೂತವರು ನನ್ನ ಮುಖ ನೋಡದೆ ನೆಲ ನೋಡುತ್ತಿದ್ದರು. ಅದಕ್ಕೂ ಕೃತಜ್ಞ.

ಐದನೆಯವಳು ನನ್ನ ಹೆಂಡತಿ. ಅವಳಿಗೆ ಈ ಸಂಗೀತ ಯಾವುದೂ ಹಿಡಿಸುವುದಿಲ್ಲ. ಆದರೆ ಜೂನ್‌ನಿಂದ ಈಚೆಗೆ ರಸ್ತೆಯಲ್ಲಿ ಹೇಳದೆ ಕೇಳದೆ ನನ್ನ ಬಲಕ್ಕೆ ಬಂದು ನಡೆಯುತ್ತಾಳೆ. ಅಟ್ಟದ ಮೇಲಿಂದ ಹೆಡ್‌ಫೋನ್ ಇಳಿಸಿ ಧೂಳು ಒರೆಸಿಟ್ಟವಳೂ ಅವಳೇ.

ಮುಂದಿನ ಶನಿವಾರ ಆಯ್ಕೆಯ ಸರದಿ ನನ್ನದು. ಜೆಥ್ರೋ ಟಲ್‌ನ 'ಥಿಕ್ ಆ್ಯಸ್ ಎ ಬ್ರಿಕ್' ಹಾಕುತ್ತೇನೆ. ಎರಡು ಮಗ್ಗುಲು, ಒಂದೇ ಹಾಡು, ಸುಮಾರು 44 ನಿಮಿಷ. ಕಾಫಿ, ಕೋಡುಬಳೆ ನನ್ನ ಖರ್ಚು. ಬೇಗ ಬಂದವರು ಎಲ್ಲಿ ಬೇಕಾದರೂ ಕೂರಬಹುದು, ಎಡಗಡೆಯ ಕುರ್ಚಿ ಮಾತ್ರ ಮೇಷ್ಟ್ರದು.