ಕೊಳಗ ಯಾರ ಕೈಯಲ್ಲಿದೆ?

ಪ್ರೀತಿಯ ತಂಗಿ,

ನಿನ್ನ ಪತ್ರವೂ ಕತೆಯೂ ತಲುಪಿದವು. ಬೆಂಗಳೂರಿನ ಕೆಲಸ ಬಿಟ್ಟು ಹೊಸನಗರಕ್ಕೆ ಮರಳಿ, ತೋಟದ ಮನೆಯಲ್ಲಿ ಕುಳಿತು ಬರೆಯುವುದೇ ನಿಜವಾದ ಸ್ವಾತಂತ್ರ್ಯ ಎನ್ನುತ್ತೀಯ. ಬಿಡಲೋ ಬೇಡವೋ ಎಂದು ನನ್ನನ್ನು ಕೇಳುತ್ತೀಯ. ಅದನ್ನು ನಾನು ಹೇಳಲಾರೆ. ಎಲೆಚುಕ್ಕಿ ರೋಗ ಬಿದ್ದ ತೋಟದಲ್ಲಿ ವರ್ಷದ ಖರ್ಚು ಹೇಗೆ ಕಳೆಯುತ್ತದೆ ಎಂಬುದು ನಿನ್ನ ಅಪ್ಪಯ್ಯನಿಗೆ ಗೊತ್ತು. ಮೊದಲು ಅವರ ಜೊತೆ ಕುಳಿತು ಲೆಕ್ಕ ಹಾಕು.

ನಮ್ಮ ಶಿವಮೊಗ್ಗ ಜಿಲ್ಲೆಯವರನ್ನೇ ನೋಡು, ಇಂಥದೇ ದಾರಿ ಎಂಬುದು ಎಲ್ಲಿದೆ? ಕುವೆಂಪು ಕುಪ್ಪಳಿ ಬಿಟ್ಟು ಮೈಸೂರು ಸೇರಿದರು, ವಿಶ್ವವಿದ್ಯಾನಿಲಯದ ಸಂಬಳದಲ್ಲಿದ್ದುಕೊಂಡೇ ಮಲೆನಾಡನ್ನು ಬರೆದರು. ಅವರ ಮಗ ತೇಜಸ್ವಿ ಮೂಡಿಗೆರೆಗೆ ಹೋಗಿ ಕಾಫಿ ಬೆಳೆದರು. ಕೊನಗವಳ್ಳಿಯ ಲಂಕೇಶ್ ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ತೆಗೆದರು. ಜಾಹೀರಾತಿನ ಹಂಗು ಬೇಡವೆಂದು ಓದುಗರ ದುಡ್ಡಿನಲ್ಲೇ ನಡೆಸಿದರು. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲೇ ನೆಲೆನಿಂತು ನೀನಾಸಂ ಎಂಬ ರಂಗಸಂಸ್ಥೆ ಕಟ್ಟಿದರು. ಇವರಲ್ಲಿ ಹೆಚ್ಚು ಸ್ವತಂತ್ರರು ಯಾರು ಎಂದರೆ ನಾನು ಲಂಕೇಶರ ಕಡೆ ತುಸು ವಾಲುತ್ತೇನೆ. ಅದು ನನ್ನ ಪಕ್ಷಪಾತ, ಬಿಡು. ನಾನಂತೂ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಲೇ ಬರೆದವಳು. ತಿಂಗಳ ಸಂಬಳ ಬರುತ್ತಿದ್ದುದರಿಂದ ಯಾರ ಮೆಚ್ಚುಗೆಗಾಗಿಯೂ ಒಂದು ಸಾಲು ಬರೆಯುವ ದರ್ದು ಇರಲಿಲ್ಲ.

ನಿನ್ನ ಪತ್ರದಲ್ಲಿ ನನಗೆ ಕಿರಿಕಿರಿಯಾದದ್ದು ಬೇರೆಯೇ ಮಾತು. ಯಾವ ಸ್ಪರ್ಧೆಯ ತೀರ್ಪುಗಾರರಿಗೆ ಎಂಥ ಕತೆ ಹಿಡಿಸುತ್ತದೆ, ಯಾರ ಮುನ್ನುಡಿ ಬರೆಸಿದರೆ ಪುಸ್ತಕಕ್ಕೆ ತೂಕ ಬರುತ್ತದೆ ಎಂದು ಒಂದು ಪುಟ ತುಂಬ ಬರೆದಿದ್ದೀಯ. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನ ಸಂಗತಿ ನೀನು ಕೇಳಿರಬೇಕು. 1951ರಲ್ಲಿ ಅಲ್ಲಿ ಒಡೆಯರ ಗದ್ದೆ ಉಳುತ್ತಿದ್ದ ಗೇಣಿದಾರರು ಸಿಡಿದೆದ್ದದ್ದು ಕೊಳಗದ, ಅಂದರೆ ಭತ್ತ ಅಳೆಯುವ ಪಾತ್ರೆಯ ವಿಷಯಕ್ಕೆ. ಗೇಣಿಯ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಇಟ್ಟುಕೊಳ್ಳುತ್ತಿದ್ದರು. ಬೆವರು ಇವರದು, ಅಳತೆ ಅವರದು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಒಡೆಯನಾಗಲು ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು, ನಿಜ. ಆದರೆ ಗದ್ದೆ ಕೈಗೆ ಬರುವುದಕ್ಕೆ ಎಷ್ಟೋ ಮೊದಲೇ ಅವರು ಕೊಳಗಕ್ಕೆ ಕೈ ಹಾಕಿದ್ದರು. ನೀನು ಕೆಲಸ ಬಿಡು, ಬಿಡದಿರು. ಬರೆದದ್ದನ್ನು ತೀರ್ಪುಗಾರರ ಕೊಳಗದಲ್ಲಿ ಅಳೆಯುವ ತನಕ ತೋಟದ ಮನೆಯಲ್ಲಿ ಕುಳಿತರೂ ಗೇಣಿಗೇ ಬರೆಯುತ್ತಿರುತ್ತೀಯ.

ಇನ್ನು ಕತೆ. ಮೊದಲ ನಾಲ್ಕು ಪುಟ ತೆಗೆದುಹಾಕು. ನಾಯಕಿ ಕಿಟಕಿಯ ಬಳಿ ನಿಂತು ಮಳೆ ನೋಡುತ್ತ ಬಿಡುಗಡೆಯ ಬಗ್ಗೆ ಚಿಂತಿಸುತ್ತಾಳೆ. ನಮ್ಮ ಕಡೆಯ ಕತೆಗಳಲ್ಲಿ ಹೀಗೆ ಕಿಟಕಿ ಹಿಡಿದು ನಿಂತ ಹೆಣ್ಣುಮಕ್ಕಳು ಎಷ್ಟು ಜನವೋ! ಮಳೆಗಾಲದಲ್ಲಿ ಕಿಟಕಿಯ ಬಳಿ ನಿಲ್ಲಲು ಮಲೆನಾಡಿನ ಹೆಂಗಸರಿಗೆ ಪುರುಸೊತ್ತು ಸಿಕ್ಕಿದ್ದನ್ನು ನಾನು ನೋಡಿಲ್ಲ.

ನಿನ್ನ ಕತೆ ಶುರುವಾಗುವುದು ಐದನೆಯ ಪುಟದಲ್ಲಿ, ಹೆಂಗಸರು ಅಡಿಕೆ ಸುಲಿಯಲು ಕುಳಿತಾಗ. ಮೆಟ್ಟುಗತ್ತಿಯ ಮುಂದೆ ಕುಳಿತವಳ ಹೆಬ್ಬೆರಳಿಗೆ ಸುತ್ತಿದ ಹಳೆ ಸೀರೆಯ ಚೂರು, ಕರೆ ಹಿಡಿದು ಕಪ್ಪಾದ ಅಂಗೈ, ಪಕ್ಕದವಳ ಜೊತೆ ನಗುತ್ತಿದ್ದರೂ ಕತ್ತಿಯಿಂದ ಕದಲದ ಕಣ್ಣು. ಇದನ್ನೆಲ್ಲ ನೀನು ಯಾರಿಂದಲೂ ಕಲಿತದ್ದಲ್ಲ, ಪಕ್ಕದಲ್ಲಿ ಕುಳಿತು ಕಂಡದ್ದು. "ನಾನು ಆ ಹುಡುಗನನ್ನು ಮದುವೆಯಾಗುವುದಿಲ್ಲ" ಎಂದು ಅವಳು ಹೇಳುವುದೂ ಅಲ್ಲೇ, ಇನ್ನೊಂದು ಅಡಿಕೆಗೆ ಕೈಹಾಕುತ್ತ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿಗೇ ನಿಲ್ಲಿಸುವುದು ಬಿಟ್ಟು ಮುಂದಿನ ಪ್ಯಾರಾದಲ್ಲಿ ಆ ಮಾತಿನ ಅರ್ಥ ಬಿಡಿಸಿ ಹೇಳಲು ಹೊರಟಿದ್ದೀಯ. ಅದು ತೀರ್ಪುಗಾರರಿಗಾಗಿ ಬರೆದ ಪ್ಯಾರಾ ಎಂದು ನನ್ನ ಗುಮಾನಿ.

ತಿದ್ದಿ ಕಳಿಸು, ಅವಸರವಿಲ್ಲ. ಒಂದು ಸಂಗತಿ ಬಿಟ್ಟುಹೋಗಿದೆ: ಸುಲಿದದ್ದಕ್ಕೆ ಅವಳಿಗೆ ಕೂಲಿ ಎಷ್ಟು, ಸುಲಿದ ಅಡಿಕೆಯನ್ನು ಅಳೆಯುವವರು ಯಾರು? ಈ ಸಲ ಕೊಯ್ಲಿಗೆ ಊರಿಗೆ ಹೋದಾಗ ಅವಳನ್ನೇ ಕೇಳು.

ಇಂತಿ,
ನಿನ್ನ ಅಕ್ಕ
ಸಾಗರ